ಕಮಿಟ್ ಹೊಡೆಯದ ಮನುಷ್ಯ

ಕೆಲಸ ಮಾಡುವುದಕ್ಕೆ ರಟ್ಟೆಯಲ್ಲಿ ಶಕ್ತಿ ಇದ್ದರೆ ಸಾಕು. ಮಾಡಿದ್ದು ಮುಗಿಯಿತು, ಇನ್ನು ಇದೇ ಖಾಯಂ ಎಂದು ಹೇಳುವುದಕ್ಕೆ ಮಾತ್ರ ಗುಂಡಿಗೆ ಬೇಕು. ಮೊದಲನೆಯದನ್ನು ದೇವರು ನನಗೆ ತಕ್ಕಮಟ್ಟಿಗೆ ಕೊಟ್ಟಿದ್ದಾನೆ. ಎರಡನೆಯದನ್ನು ಹಂಚುವ ದಿನ ನಾನು ಸಾಲಿನಲ್ಲಿ ನಿಲ್ಲಬೇಕೋ ಬೇಡವೋ ಎಂದು ಯೋಚಿಸುತ್ತ ಹೊರಗೇ ನಿಂತುಬಿಟ್ಟಿದ್ದೆನೆಂದು ಕಾಣುತ್ತದೆ. ದರ್ಜಿ ‘ಅಂಗಿಗೆ ಕಿಸೆ ಒಂದ ಇರ್ಲ್ಯೋ, ಎರಡೋ?’ ಎಂದು ಕೇಳಿದರೆ ‘ನಾಳಿ ಹೇಳ್ತೇನ್ರಿ’ ಎಂದು ಎದ್ದು ಬರುತ್ತೇನೆ. ಆ ಅಂಗಿ ಹಬ್ಬ ಮುಗಿದ ಮೇಲೆ ಕಿಸೆಯೇ ಇಲ್ಲದೆ ಮನೆಗೆ ಬರುತ್ತದೆ. ಬಾಗಲಕೋಟೆಗೆ ಹೋದಾಗ ನಾನು ಉಣ್ಣುವ ಖಾನಾವಳಿಯೊಂದಿದೆ. ಅಲ್ಲಿ ಬಡಿಸುವವನು ಮೊದಮೊದಲು ‘ರೊಟ್ಟಿರಿ, ಚಪಾತಿರಿ?’ ಎಂದು ಕೇಳುತ್ತಿದ್ದ. ನಾನು ಅತ್ತ ಇತ್ತ ನೋಡುತ್ತ ಕೂತಿರುವುದನ್ನು ಕಂಡೂ ಕಂಡೂ ಬೇಸತ್ತು, ಈಗ ನನ್ನ ಮುಖ ಕಂಡೊಡನೆ ಎರಡನ್ನೂ ತಂದು ತಾಟಿನಲ್ಲಿ ಹಾಕಿ ಹೋಗುತ್ತಾನೆ.

ನಾನು ಮದುವೆಯಾದದ್ದೂ ಹೆಚ್ಚುಕಡಿಮೆ ಹೀಗೆಯೇ. ಹುನಗುಂದಕ್ಕೆ ಹೆಣ್ಣು ನೋಡಲು ಹೋದಾಗ, ಅವಲಕ್ಕಿ ಚಹಾ ಎಲ್ಲ ಆದ ಮೇಲೆ, ಹುಡುಗಿಯ ತಂದೆ ಕೇಳಿಯೇ ಬಿಟ್ಟರು: ‘ಮತ್ತೇನ್ರಿ ತಮ್ಮಾ, ನಿಮ್ಮ ಅಭಿಪ್ರಾಯ?’ ನಾನು ಹುಡುಗಿಯ ಮುಖ ನೋಡಿದೆ, ಪಕ್ಕದಲ್ಲಿದ್ದ ನನ್ನ ಅವ್ವನ ಮುಖ ನೋಡಿದೆ, ಗೋಡೆಯ ಮೇಲಿನ ಬಸವಣ್ಣನ ಪಟ ನೋಡಿದೆ, ತಿರುಗಿ ಹುಡುಗಿಯ ಮುಖ ನೋಡಿದೆ. ಕಡೆಗೆ ಅವ್ವನೇ ‘ಅಂವ ಒಪ್ಪ್ಯಾನ್ರಿ ಬೀಗ್ರ. ಒಪ್ಪದಿದ್ರ ಇಷ್ಟೊತ್ತಿಗೆ ಹೊಟ್ಟಿನೋವು ಅಂತ ಎದ್ದಿರ್ತಿದ್ದ’ ಎಂದು ಸಕ್ಕರೆ ಹಂಚಿಸಿದಳು. ಖರೆ ಹೇಳಬೇಕೆಂದರೆ ನಾನು ಮೊದಲ ನೋಟಕ್ಕೇ ಒಪ್ಪಿದ್ದೆ. ಒಳಗೆ ಒಪ್ಪಿದ್ದು ಹೊರಗಿನವರಿಗೆ ಕಾಣಲಿಲ್ಲ, ಅಷ್ಟೇ. ನನ್ನ ಹೆಂಡತಿ ಶಾಂತಾಗೆ ಇದು ಇವತ್ತಿಗೂ ಸಿಟ್ಟಿನ ವಿಷಯ.

ಇಂಥವನನ್ನು ಮೂರು ವರ್ಷದ ಹಿಂದೆ, ಎಂಬತ್ತರ ದಶಕದ ಕೊನೆಯಲ್ಲಿ, ಇಳಕಲ್ಲಿನ ಒಂದು ಸೀರೆ ಮಾರಾಟದ ಸಂಘ ಕಂಪ್ಯೂಟರಿನ ಮುಂದೆ ಕೂರಿಸಿತು. ನೇಕಾರರಿಂದ ಸೀರೆ ತೆಗೆದುಕೊಂಡು ನಮ್ಮದೇ ಅಂಗಡಿಯಲ್ಲಿ ಮಾರುವ ಸಂಘ ನಮ್ಮದು. ಕಂಪ್ಯೂಟರ್ ಒಂದೇ, ಅದರಿಂದ ಎಳೆದ ತಂತಿಗಳ ತುದಿಗೆ ಮೂರು ಪರದೆ. ಒಂದು ಉಗ್ರಾಣದಲ್ಲಿ, ಒಂದು ಅಂಗಡಿಯಲ್ಲಿ, ಒಂದು ನನ್ನ ಮೇಜಿನ ಮೇಲೆ. ಕಂಪ್ಯೂಟರ್ ಇದ್ದ ಕೋಣೆಗೆ ಏಸಿ ಹಾಕಿಸಿದ್ದರು, ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕಿತ್ತು. ಇಡೀ ಓಣಿಯಲ್ಲಿ ತಂಪು ಜಾಗ ಅದೊಂದೇ ಆದ್ದರಿಂದ ಬೇಸಿಗೆಯಲ್ಲಿ ಅದರ ಬಾಗಿಲಲ್ಲಿ ಗುಡಿಯ ಮುಂದೆ ಇದ್ದಷ್ಟು ಚಪ್ಪಲಿ ಇರುತ್ತಿದ್ದವು. ಪೂಜೆಯ ದಿನ ನಮ್ಮ ಮ್ಯಾನೇಜರ್ ದೇಸಾಯಿಯವರು ಕಂಪ್ಯೂಟರಿಗೆ ವಿಭೂತಿ ಹಚ್ಚಿಸಿ, ಕಾಯಿ ಒಡೆಸಿ, ಕಾಯಿನೀರು ಎಲ್ಲಿ ಒಳಗೆ ಇಳಿಯಿತೋ ಎಂದು ತಾವೇ ಧೋತರದ ಚುಂಗಿನಿಂದ ಒರೆಸಿದ್ದರು. ನೋಡಲು ಬಂದ ಹಿರಿಯ ನೇಕಾರರೊಬ್ಬರು ‘ಇದರಾಗ ಲಾಳಿ ಎಲ್ಲಿ ಓಡ್ತೈತೋ?’ ಎಂದು ಕೇಳಿದರು. ‘ಒಳಗ ಓಡ್ತೈತ್ರಿ’ ಅಂದೆ. ಅವರು ಕಿವಿಗೊಟ್ಟು ಕೇಳಿ, ‘ಸಪ್ಪಳಾನ ಇಲ್ಲಲ್ಲೋ! ಎಳಿ ಹರದ್ರ ಹೆಂಗ ಗೊತ್ತಾಗ್ತೈತಿ ನಿನಗ?’ ಎಂದು ಗಾಬರಿಯಿಂದ ನನ್ನನ್ನೇ ನೋಡಿದರು.

ಕೆಲಸ ಕಲಿತು ಬಾ ಎಂದು ನನ್ನನ್ನು ಹುಬ್ಬಳ್ಳಿಗೆ ಕಳಿಸಿದ್ದರು. ಅಲ್ಲಿ ಕಲಿಸುವವರು ಮೈಸೂರು ಕಡೆಯವರು, ಯಂತ್ರಕ್ಕೂ ಬಹುವಚನ ಕೊಟ್ಟು ಮಾತನಾಡುವ ಸಾಧು ಮನುಷ್ಯ. ಅವರು ಹೇಳಿಕೊಟ್ಟದ್ದು ಇಷ್ಟು. ನೀವು ಪರದೆಯ ಮುಂದೆ ಕೂತು ಹೆಸರು ಕೊಟ್ಟು ಒಳಗೆ ಹೋದದ್ದರಿಂದ ಹಿಡಿದು ಹೊರಗೆ ಬರುವ ತನಕ ಅದು ನಿಮ್ಮ ಸೆಷನ್. ಆ ಸೆಷನ್ನಿನಲ್ಲಿ ಎಸ್‌ಕ್ಯೂಎಲ್ ಎಂಬ ಭಾಷೆಯಲ್ಲಿ ‘ಅಪ್‌ಡೇಟ್’ ಎಂದು ಹೊಡೆದು ಏನು ಬದಲಾಯಿಸಿದರೂ ಅದು ನಿಮ್ಮೊಬ್ಬರ ಪರದೆಯಲ್ಲಿ ಮಾತ್ರ ಕಾಣುತ್ತದೆ. ಬೇರೆಯವರ ಪರದೆಗಳಲ್ಲಿ ಹಳೆಯದೇ ಇರುತ್ತದೆ. ನೀವು ‘ಕಮಿಟ್’ ಎಂದು ಹೊಡೆದಾಗ ಅದು ಖಾಯಂ ಆಗಿ ಎಲ್ಲರಿಗೂ ಕಾಣುತ್ತದೆ. ‘ರೋಲ್‌ಬ್ಯಾಕ್’ ಎಂದು ಹೊಡೆದರೆ ನೀವು ಏನೂ ಮಾಡಿಯೇ ಇಲ್ಲ ಎಂಬಂತೆ ಅಳಿಸಿಹೋಗುತ್ತದೆ. ಒಬ್ಬರ ಅರೆಬೆಂದ ಕೆಲಸ ಇನ್ನೊಬ್ಬರ ಕಣ್ಣಿಗೆ ಬೀಳದಂತೆ ಕಾಯುವ ಈ ಏರ್ಪಾಟಿಗೆ ಐಸೋಲೇಷನ್ ಎಂದು ಹೆಸರು. ಉಳಿದವರೆಲ್ಲ ತಲೆ ಕೆರೆದುಕೊಳ್ಳುತ್ತಿದ್ದಾಗ ನನಗೆ ಇದು ಥಟ್ಟನೆ ತಿಳಿದುಬಿಟ್ಟಿತು. ನಮ್ಮ ಕಡೆ ಚೊಚ್ಚಲ ಬಸುರಿಗೆ ಐದನೇ ತಿಂಗಳಲ್ಲಿ ಕಳ್ಳ ಕುಬಸ ಮಾಡುತ್ತಾರೆ. ಬಾಗಿಲು ಮುಚ್ಚಿಕೊಂಡು, ಮನೆಯವರಷ್ಟೇ ಸೇರಿ, ಹಸಿರು ಬಳೆ ಇಡಿಸಿ ಉಡಿ ತುಂಬಿ ಮುಗಿಸುತ್ತಾರೆ. ಹೊರಗಿನವರ ಪಾಲಿಗೆ ಏನೂ ಆಗಿಲ್ಲ. ಏಳನೇ ತಿಂಗಳಲ್ಲಿ ನಾಲ್ಕು ಮಂದಿಯನ್ನು ಕರೆದು ದೊಡ್ಡ ಕುಬಸ ಮಾಡಿದಾಗಲೇ ಸುದ್ದಿ ಬಹಿರಂಗ. ನಾನು ಕೈಯೆತ್ತಿ ಇದನ್ನು ವಿವರಿಸಿದೆ. ಗುರುಗಳು ಕನ್ನಡಕ ತೆಗೆದು ಒರೆಸಿಕೊಂಡು, ‘ಹಾಗೂ ತಿಳಿದುಕೊಳ್ಳಬಹುದು. ಆದರೆ ದಯವಿಟ್ಟು ಕಮಿಟ್ ಮಾಡುವುದನ್ನು ಮರೆಯಬೇಡಿ’ ಎಂದರು.

ಇನ್ನೊಂದು ಆಜ್ಞೆಯೂ ಇತ್ತು, ‘ಸೆಟ್ ಟ್ರಾನ್ಸಾಕ್ಷನ್ ರೀಡ್ ಓನ್ಲಿ’ ಎಂದು. ಅದನ್ನು ಹೊಡೆದು ನೋಡಲು ಕೂತರೆ, ಆ ಗಳಿಗೆಯಲ್ಲಿ ಎಲ್ಲ ಹೇಗಿತ್ತೋ ಹಾಗೇ ಕಾಣುತ್ತ ಹೋಗುತ್ತದೆ. ಆಮೇಲೆ ಯಾರು ಏನು ಬದಲಾಯಿಸಿದರೂ ನಿಮಗೆ ಕಾಣುವುದಿಲ್ಲ. ಬಾದಾಮಿಯಲ್ಲಿರುವ ನನ್ನ ಅವ್ವ ನನ್ನನ್ನು ನೋಡುವುದು ಇದೇ ಆಜ್ಞೆಯಿಂದ. ನಾನು ಕನ್ನಡ ಸಾಲಿಗೆ ಹೋಗುತ್ತಿದ್ದ ಕಾಲದಲ್ಲಿ ಆಕೆ ಅದನ್ನು ಹೊಡೆದು ಕೂತಿರಬೇಕು. ನನಗೆ ಮೀಸೆ ಬಂತು, ನೌಕರಿ ಬಂತು, ಹೆಂಡತಿ ಬಂದಳು. ಅವ್ವ ಮಾತ್ರ ನಾನು ಬಸ್ಸು ಹತ್ತುವಾಗ ಇವತ್ತಿಗೂ ‘ಮೂಗು ಒರಸ್ಕೋ’ ಅನ್ನುತ್ತಾಳೆ. ಅದಿರಲಿ. ಗುರುಗಳು ಹೇಳಿದ ಕೊನೆಯ ಮಾತು ಬೀಗದ್ದು. ಒಬ್ಬರು ಬದಲಾಯಿಸಿ ಕಮಿಟ್ ಹೊಡೆಯದೆ ಬಿಟ್ಟದ್ದನ್ನು ಇನ್ನೊಬ್ಬರು ಬದಲಾಯಿಸುವಂತಿಲ್ಲ, ಕಾಯಬೇಕು. ನಮ್ಮ ಯಂತ್ರವೋ, ಒಂದು ಸೀರೆಗೆ ಬೀಗ ಹಾಕು ಅಂದರೆ ಇಡೀ ಕಪಾಟಿಗೇ ಬೀಗ ಜಡಿಯುವಂಥದ್ದು. ಈ ಕೊನೆಯ ಮಾತು ಅವರು ಹೇಳುವಾಗ ನಾನು ಚಹಾಕ್ಕೆ ಹೋಗಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ.

ಈಗ ಸೀರೆಗೆ ಬರುತ್ತೇನೆ. ನಮ್ಮ ಮನೆಯಲ್ಲಿ ಶಾಂತಾಳ ದೊಡ್ಡ ಕುಬಸದ ತಯಾರಿ ನಡೆದಿತ್ತು. ಅವತ್ತು ಆಕೆ ಉಡಬೇಕಾದ ಹಸಿರು ಸೀರೆ ಗಂಡನ ಮನೆಯದು, ಅಂದರೆ ನನ್ನ ಕೊರಳಿಗೆ ಬಿದ್ದದ್ದು. ಹಸಿರು ಅಂದರೆ ಹಸಿರು ಎಂದು ನಾನು ತಿಳಿದಿದ್ದೆ. ಶಾಂತಾ ನಮ್ಮ ಅಂಗಡಿಯಲ್ಲಿ ಗಿಳಿ ಹಸಿರಿನ ಸೀರೆಯೊಂದನ್ನು ನೋಡಿ ಬಂದಿದ್ದಳು. ಅಂಚಿಗೆ ಚಿಕ್ಕಿ ಪರಾಸ ಎಂಬ ದಡಿ, ಕೆಂಪು ಸೆರಗು, ಸೆರಗಿನ ತುಂಬ ಬಿಳಿ ತೆನೆಯ ನೇಯ್ಗೆ. ‘ಆ ಬಣ್ಣದಾಗ ಅದೊಂದ ಐತ್ರಿ, ತೆಗೆದಿಡ್ರಿ’ ಅಂದಳು. ಕುಬಸಕ್ಕೆಂದು ಬಾದಾಮಿಯಿಂದ ಬಂದಿಳಿದ ಅವ್ವ, ಕೈಚೀಲ ಕೆಳಗಿಡುವ ಮೊದಲೇ, ‘ಕಪ್ಪು ಹಸಿರ ತರಬೇಕು ನೋಡು. ನಮ್ಮತ್ತಿ ನನಗ ಅದನ್ನ ತಂದಿದ್ರು. ಗಿಳಿ ಹಸಿರು ಸಣ್ಣ ಹುಡುಗ್ಯಾರಿಗೆ’ ಅಂದಳು. ಇಬ್ಬರೂ ಇದನ್ನು ಒಬ್ಬರಿಗೊಬ್ಬರು ಹೇಳಲಿಲ್ಲ, ನನಗೆ ಹೇಳಿದರು. ನಾನು ಇಬ್ಬರಿಗೂ ‘ಹೂಂ’ ಅಂದೆ. ಶಾಂತಾಗೆ ನನ್ನ ಹೂಂ ಏನೆಂದು ಅಷ್ಟರಲ್ಲಿ ಗೊತ್ತಾಗಿತ್ತು. ‘ಅತ್ತಿಯವರಿಗೆ ನೀವ ಒಂದ್ ಮಾತು ಹೇಳ್ರಿ. ನಾ ಹೇಳಿದ್ರ ಸೊಸಿ ಎದುರು ಮಾತಾಡಿದ್ಲು ಅಂದಂಗ ಆಗ್ತೈತಿ. ಒಂದ ಮಾತು’ ಅಂದಳು. ‘ಹೇಳ್ತೇನಿ ತಗೋ’ ಅಂದೆ. ಹೇಳಲಿಲ್ಲ. ಅವ್ವ ರೊಟ್ಟಿ ಬಡಿಯುವಾಗ ಹೇಳಿದರೆ ಚಲೋ ಅಲ್ಲ ಅನ್ನಿಸಿತು, ಉಣ್ಣುವಾಗ ಹೇಳಿದರೆ ಇನ್ನೂ ಚಲೋ ಅಲ್ಲ ಅನ್ನಿಸಿತು, ಪೂಜೆಗೆ ಕೂತಾಗಂತೂ ಹೇಳುವ ಮಾತೇ ಅಲ್ಲ.

ಸಂತೆಯ ದಿನ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ ಪರದೆಯ ಮುಂದೆ ಕೂತೆ. ಗಿಳಿ ಹಸಿರು ಸೀರೆಯ ನಂಬರ್ ಹುಡುಕಿ, ‘ಇದೆ’ ಎಂದಿದ್ದುದನ್ನು ‘ಮೀಸಲು’ ಎಂದು ಅಪ್‌ಡೇಟ್ ಹೊಡೆದೆ. ಒಂದು ಸಾಲು ಬದಲಾಯಿತು ಎಂದು ಯಂತ್ರ ಹೇಳಿತು. ಕಮಿಟ್ ಹೊಡೆಯಲು ಬೆರಳು ಎತ್ತಿದೆ. ಅವ್ವನ ಮುಖ ಕಣ್ಣ ಮುಂದೆ ಬಂತು. ಬೆರಳು ಅಲ್ಲೇ ನಿಂತಿತು. ರೋಲ್‌ಬ್ಯಾಕ್ ಹೊಡೆಯೋಣವೆಂದರೆ ಶಾಂತಾಳ ಮುಖ. ಆಗ ನನಗೆ ಜ್ಞಾನೋದಯವಾಯಿತು. ಕಮಿಟ್ ಹೊಡೆದರೆ ಶಾಂತಾ ಗೆದ್ದಳು, ರೋಲ್‌ಬ್ಯಾಕ್ ಹೊಡೆದರೆ ಅವ್ವ ಗೆದ್ದಳು, ಎರಡನ್ನೂ ಹೊಡೆಯದಿದ್ದರೆ ನಾನೇ ಗೆದ್ದೆ! ನನ್ನಂಥವನಿಗಾಗಿಯೇ ಯಾರೋ ಪುಣ್ಯಾತ್ಮರು ಕೂತು ಈ ಯಂತ್ರ ಮಾಡಿದ್ದಾರೆ ಎಂದು ಹೃದಯ ತುಂಬಿ ಬಂತು. ಸೆಷನ್ ಹಾಗೇ ತೆರೆದಿಟ್ಟು, ಪರದೆಯ ಬೆಳಕಷ್ಟೇ ತಗ್ಗಿಸಿ, ಹಿಂದಿನ ಓಣಿಯಲ್ಲೇ ಇದ್ದ ಮನೆಗೆ ಉಪ್ಪಿಟ್ಟು ತಿನ್ನಲು ಹೋದೆ. ಅಡುಗೆಮನೆಯಲ್ಲಿ ಶಾಂತಾ ‘ಸೀರಿ?’ ಎಂದು ಕಣ್ಣಲ್ಲೇ ಕೇಳಿದಳು. ‘ತೆಗೆದಿಟ್ಟೆ’ ಎಂದು ಪಿಸುಗುಟ್ಟಿದೆ. ಆಕೆಯ ಮುಖ ಅರಳಿತು. ಪಡಸಾಲೆಯಲ್ಲಿ ಅವ್ವ ‘ಸೀರಿದು ಏನ್ ಮಾಡಿದ್ಯೋ?’ ಅಂದಳು. ‘ಇನ್ನೂ ಏನೂ ಆಗಿಲ್ಲವ್ವಾ’ ಅಂದೆ. ಆಕೆಗೂ ಸಮಾಧಾನವಾಯಿತು. ಎರಡೂ ಖರೆ ಮಾತು! ಇಷ್ಟು ಹಗುರಾದ ಮನಸ್ಸಿನಿಂದ ನಾನು ಮನೆಯಿಂದ ಹೊರಬಿದ್ದದ್ದೇ ಇಲ್ಲ. ಆ ಖುಷಿಯಲ್ಲಿ ಕಚೇರಿಗೆ ಹೋಗುವ ಬದಲು ದಾಡಿ ಮಾಡಿಸಿಕೊಳ್ಳಲು ಕಟಿಂಗ್ ಅಂಗಡಿಗೆ ಹೋಗಿ ಕೂತೆ.

ಒಂದು ಕೆನ್ನೆ ಮುಗಿದಿತ್ತು. ಸಂತೆಗೆ ಬಂದವರೊಬ್ಬರು ಒಳಗೆ ಬಂದು ಕೂರುತ್ತ, ‘ಸೀರಿ ಸಂಘದಾಗ ಕಂಪ್ಯೂಟರ್ ಸತ್ತೈತಂತ. ಒಂದ್ ಸೀರಿನೂ ಹೊರಗ ಬಿಡವಲ್ಲದಂತ. ಹೆಣ್ಮಕ್ಕಳು ಬಾಯಿ ಮಾಡಾಕ ಹತ್ಯಾರ’ ಅಂದರು. ನಾನು ನೊರೆಯ ಸಂದಿಯಿಂದ, ‘ಯಾರೋ ಅಡ್ನಾಡಿ ಏನರ ಒತ್ತಿರಬೇಕ್ರಿ. ಗೊತ್ತಿಲ್ದವರ ಕೈಯಾಗ ಯಂತ್ರ ಕೊಡಬಾರದು’ ಎಂದು ತಿಳಿದವರ ಗತ್ತಿನಲ್ಲಿ ಹೇಳಿದೆ. ಮಾತು ಮುಗಿಯುವಷ್ಟರಲ್ಲಿ ನಮ್ಮ ಸಂಘದ ಸಿಪಾಯಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತ. ‘ದೇಸಾಯಿ ಸಾಹೇಬ್ರು ಕರಿಯಾಕ ಹತ್ಯಾರ್ರಿ. ಹೆಂಗದಾನ ಹಂಗ ಕರ್ಕೊಂಡು ಬಾ ಅಂದಾರ.’ ಹೇಗಿದ್ದೆನೋ ಹಾಗೇ ಹೋದೆ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ನೊರೆ, ಕೊರಳಿಗೆ ಕಟಿಂಗ್ ಅಂಗಡಿಯ ವಸ್ತ್ರ.

ಅಂಗಡಿಯ ಗಾದಿಯ ತುಂಬ ಹೆಂಗಸರು. ಮಾರಾಟಕ್ಕೆ ಕೂರುವ ಸಂಗಪ್ಪ ಎರಡೂ ಕೈ ಮೇಲೆತ್ತಿ, ‘ನಾ ಏನೂ ಮಾಡಿಲ್ರಿ. ಎಲ್ಲಾ ಸೀರಿ ಐತಿ ಅಂತ ತ್ವಾರಸ್ತೈತಿ, ಮಾರಾಟ ಹೊಡದ್ರ ಕಲ್ಲಾಗಿ ನಿಂದರ್ತೈತಿ’ ಅನ್ನುತ್ತಿದ್ದ. ಕಂಪ್ಯೂಟರ್ ಒಪ್ಪದೆ ಒಂದು ಸೀರೆಯೂ ಹೊಸ್ತಿಲು ದಾಟಬಾರದೆಂದು ದೇಸಾಯಿಯವರ ಕಟ್ಟಪ್ಪಣೆ. ಆ ಗದ್ದಲದ ನಡುವೆ, ಗಾದಿಯ ಮಧ್ಯದಲ್ಲಿ, ಗಿಳಿ ಹಸಿರು ಸೀರೆಯನ್ನು ಹೆಗಲ ಮೇಲೆ ಹೊದ್ದುಕೊಂಡು ಶಾಂತಾ ಕೂತಿದ್ದಳು. ಪಕ್ಕದಲ್ಲಿ ಅವ್ವ. ‘ಬಾರಪ್ಪಾ, ಅರ್ಧ ಮಾರಿಯವನ’ ಅಂದಳು ಅವ್ವ.

ಆಗಿದ್ದು ಇಷ್ಟು. ನಾನು ಉಪ್ಪಿಟ್ಟು ತಿಂದು ಹೊರಬಿದ್ದ ಮೇಲೆ ಶಾಂತಾ ಸಂತೋಷ ತಡೆಯಲಾರದೆ ‘ಅತ್ತಿ, ಅವರು ಸೀರಿ ತೆಗೆದಿಟ್ಟಾರಂತ್ರಿ’ ಅಂದಿದ್ದಾಳೆ. ‘ಇನ್ನೂ ಏನೂ ಆಗಿಲ್ಲ ಅಂದ ಹೋದ್ನಲ್ಲವಾ ಅಂವ?’ ಎಂದು ಅವ್ವ. ಒಂದೇ ಒಲೆಯ ಮುಂದೆ ಎರಡು ಪರದೆಗಳನ್ನು ಅಕ್ಕಪಕ್ಕ ಇಟ್ಟಂತಾಯಿತು. ನನ್ನ ಐಸೋಲೇಷನ್ ಅಷ್ಟಕ್ಕೇ ಹರಿದುಬಿತ್ತು. ಶಾಂತಾ ಕಡೆಗೆ ತಾನೇ ಹೇಳಿಬಿಟ್ಟಿದ್ದಾಳೆ: ‘ಅತ್ತಿ, ನನಗ ಗಿಳಿ ಹಸಿರಿನ ಮ್ಯಾಲ ಮನಸೈತ್ರಿ.’ ಅವ್ವ, ‘ಬೇಕಂದ್ರ ಬೇಕನ್ನಬೇಕವಾ. ಇಷ್ಟಕ್ಕ ಅಂವನ್ನ್ಯಾಕ ನಡುವ ಹಾಕ್ತಿ? ನಡಿ, ನೋಡಿ ಬರೂಣು’ ಎಂದು ಚಪ್ಪಲಿ ಮೆಟ್ಟಿದ್ದಾಳೆ. ಅಂಗಡಿಯಲ್ಲಿ ಸೀರೆ ಶಾಂತಾಳ ಹೆಗಲೇರಿದ್ದೇ ತಡ, ‘ಕಪ್ಪು ಹಸಿರು ನಮ್ಮ ಕಾಲಕ್ಕ ಆತು. ಇದನ್ನ ಕೊಡ್ರಿ’ ಅಂದಿದ್ದಾಳೆ. ನಾನು ಇಷ್ಟು ದಿನ ಹೇಳಲಾರದೆ ಒದ್ದಾಡಿದ ಮಾತು ಅಲ್ಲಿಗೆ ಮುಗಿದಿತ್ತು. ಮುಗಿಯದೆ ಉಳಿದದ್ದು ನನ್ನದೊಂದೇ.

ಕಂಪ್ಯೂಟರ್ ಕೋಣೆಯಲ್ಲಿ ಯಾರ ಯಾರ ಸೆಷನ್ ನಡೆದಿವೆ ಎಂದು ನೋಡಿ ದೇಸಾಯಿಯವರು ನನ್ನ ಹತ್ತಿರ ಬಂದರು. ‘ಮಲ್ಲಪ್ಪಾ, ಮುಂಜಾನಿಂದ ಒಂದ ಸೆಷನ್ ಎಲ್ಲಾ ಸೀರಿ ಹಿಡಕೊಂಡು ಕುಂತೈತಿ. ಉಳಿದಾವು ಅದರ ಬಾಗಲಾಗ ನಿಂತಾವು. ಹೆಸರು ನಿಂದ ಐತಿ.’ ಅವ್ವ ನನ್ನ ಕಡೆ ತಿರುಗಿದಳು. ‘ಯಾವ ಸೀರಿ ಹಿಡದೀಯೋ?’ ನಾನು ಶಾಂತಾಳ ಹೆಗಲ ಕಡೆ ಬೆರಳು ತೋರಿಸಿದೆ. ‘ಯಾರ ಸಲುವಾಗಿ?’ ‘ಶಾಂತಾನ ಸಲುವಾಗಿ.’ ‘ಹಿಡದದ್ದು ಯಾಕ?’ ‘ಬ್ಯಾರೆ ಯಾರೂ ಒಯ್ಯಬಾರದಂತ.’ ‘ಅಯ್ಯ ನನ್ನ ಶಿವನ! ಒಯ್ಯಾಕ ಬಂದಾಕಿ ಅಕಿನ ಅಲ್ಲೇನೋ!’ ಗಾದಿಯ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು.

ನನ್ನ ಮೇಜಿನ ತನಕ ಮೆರವಣಿಗೆ ಬಂತು. ನಾನು ಕೂತೆ, ನನ್ನ ಬೆನ್ನ ಹಿಂದೆ ಅವ್ವ, ಶಾಂತಾ, ದೇಸಾಯಿಯವರು, ಆಮೇಲೆ ಸಂತೆಯ ಅರ್ಧ ಹೆಣ್ಣುಮಕ್ಕಳು. ‘ಕಮಿಟ್ ಹೊಡಿ, ಇಲ್ಲಾ ರೋಲ್‌ಬ್ಯಾಕ್ ಹೊಡಿ. ಏನರ ಒಂದ್ ಹೊಡಿ ಮಾರಾಯಾ’ ಅಂದರು ದೇಸಾಯಿಯವರು. ‘ರೋಲ್‌ಬ್ಯಾಕ್ ಅಂದ್ರ ಏನ್ರಿ?’ ಎಂದು ಶಾಂತಾ ಕೇಳಿದಳು. ‘ನಿನ್ನ ಸೀರಿ ನಾ ತೆಗೆದಿಟ್ಟೇ ಇಲ್ಲ ಅನ್ನೂದು. ಹಂಗಂದ್ರ ಸಂಗಪ್ಪ ಈಗ ಮಾರಬಹುದು.’ ‘ಕಮಿಟ್ ಅಂದ್ರ?’ ‘ಖರೇನ ತೆಗೆದಿಟ್ಟೆ ಅನ್ನೂದು. ಆದ್ರ ಮೀಸಲು ಸೀರಿ ಸಂಗಪ್ಪ ಮಾರಾಕ ಬರೂದಿಲ್ಲ, ನಾ ಮತ್ತ ಬಿಡಸಬೇಕು…’ ಎಷ್ಟು ವಿಚಿತ್ರ ನೋಡಿ. ಸೀರೆ ಆಕೆಗೆ ಬೇಗ ಸಿಗಬೇಕೆಂದರೆ ನಾನು ತೆಗೆದಿಟ್ಟಿಲ್ಲ ಎಂದು ಒಪ್ಪಿಕೊಳ್ಳಬೇಕು. ತೆಗೆದಿಟ್ಟೆ ಎಂದು ಮರ್ಯಾದೆ ಉಳಿಸಿಕೊಂಡರೆ ಸೀರೆ ತಡ. ಶಾಂತಾ ಮೆಲ್ಲಗೆ, ‘ನಿಮ್ಮ ಮನಸಿನ್ಯಾಗ ಯಾವುದೈತ್ರಿ? ಅದನ್ನ ಹೊಡೀರಿ’ ಅಂದಳು. ನಾನು ತಿರುಗಿದೆ. ತಿರುಗಿ, ನೋಡಿದ್ದು ಅವ್ವನ ಮುಖ. ‘ಅವ್ವಾ, ನೀ ಏನಂತಿ?’

ಅವ್ವ ಹಣೆ ಬಡಿದುಕೊಂಡಳು. ಎಲ್ಲರೂ ನಕ್ಕರು, ಶಾಂತಾ ನಗಲಿಲ್ಲ. ದೇಸಾಯಿಯವರು ಕಂಪ್ಯೂಟರ್ ಕೋಣೆಗೆ ಹೋಗಿ, ಚಪ್ಪಲಿ ಬಿಡುವ ತಾಳ್ಮೆಯೂ ಇಲ್ಲದೆ ಒಳಗೆ ನುಗ್ಗಿ, ನನ್ನ ಸೆಷನ್ನನ್ನೇ ಕಿತ್ತೊಗೆಯುವ ಆಜ್ಞೆ ಹೊಡೆದರು. ನಾನು ಬದಲಾಯಿಸಿದ್ದೆಲ್ಲ ತಾನಾಗಿಯೇ ಹಿಂದಕ್ಕೆ ಹೋಯಿತು. ನನ್ನ ಪರದೆ ನೀನು ಇಲ್ಲಿಯವನೇ ಅಲ್ಲ ಎಂಬಂತೆ ಹೆಸರು ಕೇಳುತ್ತ ನಿಂತಿತು. ಅಂಗಡಿಯಿಂದ ಸಂಗಪ್ಪ ‘ಆತು! ಆತು! ಬರ್ರೆವಾ!’ ಎಂದು ಕೂಗಿದ್ದು ಕೇಳಿತು. ಗಿಳಿ ಹಸಿರು ಸೀರೆ ಮೊದಲು ಮಾರಾಟವಾಯಿತು, ಕೊಂಡವಳು ಅವ್ವ.

ಮನೆಗೆ ಬರುವಾಗ ಅವ್ವ ಸೀರೆಯ ಗಂಟು ಹಿಡಿದು ಮುಂದೆ, ನಾವಿಬ್ಬರು ಹಿಂದೆ. ‘ಹೆಂಗರ ಸೀರಿ ಸಿಕ್ತಲ್ಲ’ ಅಂದೆ. ಶಾಂತಾ ನಡೆಯುವುದನ್ನು ನಿಲ್ಲಿಸದೆ ಹೇಳಿದಳು: ‘ಸೀರಿದು ನನಗೇನ್ ಚಿಂತಿ ಇರ್ಲಿಲ್ರಿ. ಕಪ್ಪು ಹಸಿರು ತಂದಿದ್ರೂ ಉಡ್ತಿದ್ದೆ. ನನ್ನ ಸಲುವಾಗಿ ನೀವು ಒಂದ್ ಮಾತು ಆಡ್ತೀರೇನಂತ ನೋಡಿದ್ದೆ.’ ಆ ಮಾತು ನನಗೆ ನಾಟಿತು. ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ, ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಆಕೆ ಎರಡನ್ನೂ ಮಾಡದೆ, ಬಿಸಿಲು ಬಹಳ ಐತಿ ಅನ್ನುವ ಧಾಟಿಯಲ್ಲಿ ಹೇಳಿ ಮುಂದೆ ಹೋಗಿ ಅವ್ವನನ್ನು ಕೂಡಿಕೊಂಡಳು. ನನಗೆ ನಾಚಿಕೆಯಾಯಿತು. ನೊರೆ ಒಣಗಿ ಕೆನ್ನೆ ಉರಿಯುತ್ತಿತ್ತು, ಅದು ಬೇರೆ.

ಕುಬಸ ಚಲೋ ಆಯಿತು. ಗಿಳಿ ಹಸಿರಿನಲ್ಲಿ ಶಾಂತಾ ಎಷ್ಟು ಚೆಂದ ಕಂಡಳೆಂದರೆ, ನೀವು ನಂಬಲಿಕ್ಕಿಲ್ಲ, ನಾನು ಹೋಗಿ ಅದನ್ನು ಬಾಯಿಬಿಟ್ಟು ಹೇಳಿದೆ. ಆಕೆ ನಕ್ಕಳು. ಆಮೇಲೆ ಆಕೆ ತವರಿಗೆ ಹೋದಳು, ಹುನಗುಂದದಲ್ಲಿ ನಮಗೆ ಮಗಳು ಹುಟ್ಟಿದಳು. ಈ ಸಲ ನಾನು ಗಟ್ಟಿ ಮನಸ್ಸು ಮಾಡಿದ್ದೆ. ಹೆಸರು ಏನಿಡಬೇಕೆಂದು ಯಾರನ್ನೂ ಕೇಳದೆ, ಯಾರ ಮುಖವನ್ನೂ ನೋಡದೆ, ನಾನೇ ಒಂದನ್ನು ಆರಿಸಿದ್ದೆ. ಬಹಳ ಒಳ್ಳೆಯ ಹೆಸರು. ತೊಟ್ಟಿಲಿಗೆ ಹಾಕುವ ದಿನ ಎಲ್ಲರೆದುರು ಹೇಳಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹೋದೆ. ಮೊದಲು ಬಂದವರು ಕೂರಲಿ ಅಂದುಕೊಂಡೆ, ಕೂತ ಮೇಲೆ ಹಾಡು ಮುಗಿಯಲಿ ಅಂದುಕೊಂಡೆ. ಹಾಡು ಮುಗಿಯುವಷ್ಟರಲ್ಲಿ ಕೂಸಿನ ಸೋದರತ್ತೆಯಾದ ನನ್ನ ಅಕ್ಕ ಬಾಗಿ ಅದರ ಕಿವಿಯಲ್ಲಿ ‘ಗೌರಿ’ ಅಂದಾಗಿತ್ತು, ಹೆಂಗಸರು ಪದ್ಧತಿಯಂತೆ ಆಕೆಯ ಬೆನ್ನಿಗೆ ಗುದ್ದಿ ನಗುತ್ತಿದ್ದರು. ಅವ್ವ, ಶಾಂತಾ ಕೂಡಿ ಎಂದೋ ಗೊತ್ತುಮಾಡಿದ ಹೆಸರಂತೆ. ನನ್ನನ್ನು ಕೇಳಿ ತಡ ಮಾಡುವುದು ಬೇಡ ಅಂದುಕೊಂಡಿದ್ದರಂತೆ.

ನಾನು ಆರಿಸಿದ ಹೆಸರು ಯಾವುದೆಂದು ಇವತ್ತಿನವರೆಗೂ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮಗಳೊಬ್ಬಳಿಗೆ ಗೊತ್ತು. ಸುತ್ತ ಯಾರೂ ಇಲ್ಲದಾಗ ಎತ್ತಿಕೊಂಡು ಆ ಹೆಸರಿನಿಂದಲೇ ಕರೆಯುತ್ತೇನೆ. ಈಗೀಗ ಅವಳು ಹೊರಳಿ ನೋಡಿ ‘ಓ’ ಅನ್ನಲೂ ಕಲಿತಿದ್ದಾಳೆ. ಆಗ ನನಗೆ ಅಡುಗೆಮನೆಗೆ ಎಲ್ಲಿ ಕೇಳಿಸಿತೋ ಎಂದು ಹೆದರಿಕೆಯಾಗಿ, ‘ಗೌರೀ, ಏ ಗೌರೀ’ ಎಂದು ಗಟ್ಟಿಯಾಗಿ ಕೂಗುತ್ತೇನೆ.